ಗುಡ್ಡದ ಮೇಲಿಟ್ಟ ಎಡೆ

ದೆವ್ವ, ಪೀಡೆ, ಗಾಳಿ ಸೋಕುವುದು ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ನಾಗಮಂಗಲದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಯಾರಾದರೂ ದೆವ್ವದ ಫೋಟೋ ಎಂದು ಮೊಬೈಲು ಹಿಡಿದು ಬಂದರೆ, ಇದಕ್ಕಿಂತ ಚೆನ್ನಾಗಿರುವುದನ್ನು ಮಧ್ಯಾಹ್ನದೊಳಗೆ ನಾನೇ ಮಾಡಿಕೊಡುತ್ತೇನೆ ಎಂದು ನಗುತ್ತಿದ್ದೆ. ಸತ್ತ ಅಜ್ಜನನ್ನು ಮೊಮ್ಮಗನ ಮದುವೆ ಆಲ್ಬಮ್ಮಿನಲ್ಲಿ ಹುಡುಗ ಹುಡುಗಿಯ ಹಿಂದೆ ನಿಲ್ಲಿಸಿಕೊಟ್ಟವನು ನಾನು. ಅಂಥವನು ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟವೇನೂ ನನಗಿಲ್ಲ.

ನಮ್ಮೂರು ಸಂತೆಬಾಚಹಳ್ಳಿಯ ಕಡೆ. ಊರಾಚೆ ಒಂದು ಕುರುಚಲು ಗುಡ್ಡವಿದೆ. ನನ್ನ ತಮ್ಮ ಮಂಜ ಅಲ್ಲಿ ಬಂಡೂರು ಕುರಿ ಮೇಯಿಸುತ್ತಿದ್ದ. ಒಂದು ದಿನ ಸಂಜೆ ಕುರಿಗಳು ತಾವಾಗಿಯೇ ಮನೆಗೆ ಬಂದವು, ಅವನು ಬರಲಿಲ್ಲ. ಊರಿಗೆ ಊರೇ ಹುಡುಕಿತು. ಪೊಲೀಸರು ಬಂದು ಹೋದರು. ಸುತ್ತಮುತ್ತಲ ಬಾವಿ, ಕಟ್ಟೆ ಎಲ್ಲಕ್ಕೂ ಆಳು ಇಳಿಸಿ ನೋಡಿದ್ದಾಯಿತು. ಒಂದು ಚಪ್ಪಲಿ ಕೂಡ ಸಿಗಲಿಲ್ಲ. ಇದಾಗಿ ಕೆಲವು ವರ್ಷಗಳಾಗಿದ್ದವು. ಅವನು ಸತ್ತಿದ್ದಾನೆಂದು ನಾನು ಒಳಗೊಳಗೇ ಒಪ್ಪಿಕೊಂಡಿದ್ದೆ. ಅವ್ವ ಒಪ್ಪಿರಲಿಲ್ಲ.

ಕಾಡುಪ್ರಾಣಿಗಳ ಲೆಕ್ಕ ಮಾಡುವ ಒಂದು ತಂಡದವರು ಆ ಗುಡ್ಡದಲ್ಲಿ ಜಿಂಕೆ ಇವೆಯೇ ಎಂದು ನೋಡಲು ಕ್ಯಾಮೆರಾ ಕಟ್ಟುವ ಕೆಲಸ ನನಗೆ ಕೊಟ್ಟರು. ಮರಕ್ಕೆ ಬಿಗಿದರೆ ಸಾಕು, ಎದುರಿಗೆ ಏನಾದರೂ ಅಲುಗಾಡಿದಾಗ ತಾನೇ ವಿಡಿಯೋ ಹಿಡಿಯುತ್ತದೆ, ಸದ್ದೂ ದಾಖಲಾಗುತ್ತದೆ. ಜಿಂಕೆ ಅದರ ಮುಂದೆ ಬರಬೇಕಾದರೆ ಏನಾದರೂ ಆಸೆ ತೋರಿಸಬೇಕಲ್ಲ. ನನಗೆ ಮಂಜನ ಉಪಾಯ ನೆನಪಾಯಿತು. ಅವನ ಜೇಬಿನಲ್ಲಿ ಸದಾ ಕಲ್ಲುಪ್ಪು ಇರುತ್ತಿತ್ತು. "ಟ್ರೀ... ಟ್ರೀ... ಬಾ ಮಗಾ, ಬಾ" ಎಂದು ಎಳೆದು ಕೂಗಿ ಅಂಗೈ ಚಾಚಿದರೆ ಕುರಿಗಳು ಮುಗಿಬಿದ್ದು ನೆಕ್ಕುತ್ತಿದ್ದವು. ನಾನೂ ಒಂದು ಚಪ್ಪಟೆ ಬಂಡೆಯ ಪಕ್ಕ ಕಲ್ಲುಪ್ಪು ಸುರಿದು, ಎದುರಿನ ಮರಕ್ಕೆ ಕ್ಯಾಮೆರಾ ಕಟ್ಟಿದೆ. ಎಷ್ಟು ದಿನ ಕಾದರೂ ಮೊಲ, ಮುಂಗುಸಿ ಬಿಟ್ಟರೆ ಇನ್ನೇನೂ ಬರಲಿಲ್ಲ.

ಅಷ್ಟರಲ್ಲಿ ಹಿರಿಯರ ಹಬ್ಬ ಬಂತು. ಅವ್ವ ಅಪ್ಪನಿಗೆ ಎಲೆ ಹಾಕಿ ಎಡೆ ಇಟ್ಟಳು. ಈ ವರ್ಷವಾದರೂ ಮಂಜನಿಗೆ ಒಂದು ಎಲೆ ಹಾಕೋಣವೇ ಎಂದು ಕೇಳಿದೆ. ಅವ್ವ ಸೌಟು ಹಿಡಿದುಕೊಂಡೇ ತಿರುಗಿದಳು.

"ಬದುಕಿರೋನ್ಗೆ ಎಡೆ ಇಕ್ಕೀಯೇನ್ಲಾ? ಬಾಯಿ ಮುಚ್ಕೊಂಡು ಕೂತ್ಕೊ."

ನನಗೆ ಸಂಕಟವಾಯಿತು. ಉಣ್ಣಲಿಕ್ಕಿಲ್ಲದೆ ಅಲೆಯುತ್ತಿದ್ದಾನೇನೋ ಎಂದು, ದೆವ್ವ ನಂಬದ ನನಗೇ ಅನ್ನಿಸಿಬಿಟ್ಟಿತು. ಅವಳಿಗೆ ಕಾಣದ ಹಾಗೆ ಒಂದು ಎಲೆಯಲ್ಲಿ ಅವನಿಗೆ ಇಷ್ಟವಾದ ಕಜ್ಜಾಯ, ವಡೆ, ಒಂದಷ್ಟು ಸೌತೆಕಾಯಿ ಹೋಳು ಕಟ್ಟಿಕೊಂಡು ಗುಡ್ಡಕ್ಕೆ ಹೋದೆ. ಬಂಡೆಯ ಮೇಲೆ ಎಲೆ ಬಿಚ್ಚಿಟ್ಟು, "ತಿನ್ನೋ ಮಂಜ" ಎಂದೆ. ಹಾಗೆ ಅಂದಿದ್ದಕ್ಕೆ ನನಗೇ ನಾಚಿಕೆಯಾಯಿತು. ಇರಲಿ, ಸೌತೆಕಾಯಿಗಾದರೂ ಜಿಂಕೆ ಬಂದೀತು ಎಂದು ಸಮಾಧಾನ ಹೇಳಿಕೊಂಡು ಇಳಿದೆ.

ಎರಡು ಮೂರು ದಿನ ಬಿಟ್ಟು, ಒಂದು ಮಧ್ಯಾಹ್ನ, ಗೆಳೆಯ ನಿಂಗರಾಜನ ಜೊತೆ ಮೇಲೆ ಹೋದೆ. ಅವನ ಹೊಲ ಗುಡ್ಡದ ಬುಡದಲ್ಲೇ ಇದೆ. ತನ್ನ ಹುರುಳಿ ಮೇಯುವ ಕಳ್ಳರ ಮುಖ ನೋಡಬೇಕೆಂದು ಬಂದಿದ್ದ. ಬಂಡೆಯ ಮೇಲೆ ಎಲೆ ಒಣಗಿತ್ತು. ಅದರ ಮೇಲಿದ್ದುದೆಲ್ಲ ನಾನಿಟ್ಟ ಹಾಗೇ ಇತ್ತು. ಕಾಗೆ ಕೊಕ್ಕು ಹಾಕಿರಲಿಲ್ಲ. ಬೆಲ್ಲದ ಕಜ್ಜಾಯಕ್ಕೆ ಒಂದು ಇರುವೆ ಕೂಡ ಮುತ್ತಿರಲಿಲ್ಲ. ಪಕ್ಕದ ಉಪ್ಪೂ ಹಾಗೇ ಇತ್ತು.

ಕ್ಯಾಮೆರಾದ ಕಾರ್ಡು ತೆಗೆದು ಫೋನಿಗೆ ಹಾಕಿದೆ. ಹಬ್ಬದ ದಿನ, ಹೊತ್ತು ಮುಳುಗುವ ವೇಳೆಯ ವಿಡಿಯೋ. ಜಿಂಕೆಗಳು ಬಂದಿದ್ದವು! ನಿಂಗರಾಜ ನನ್ನ ಬೆನ್ನಿಗೊಂದು ಗುದ್ದಿದ. ಆದರೆ ಅವು ಉಪ್ಪಿಗೆ ಬಾಯಿ ಹಾಕಲಿಲ್ಲ, ದಾಟಿಕೊಂಡು ಹೋದವು. ಬಂಡೆಯ ಎಡಕ್ಕೆ ಬರೀ ಬಯಲು. ಅಲ್ಲಿ ನಿಂತು ಕತ್ತು ಚಾಚಿ, ಸರದಿಯ ಮೇಲೆ ನಾಲಗೆ ಹಾಕಿ ಗಾಳಿಯನ್ನು ನೆಕ್ಕತೊಡಗಿದವು. ಆಳೊಬ್ಬ ನಿಂತು ಅಂಗೈ ಚಾಚಿದರೆ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರದಲ್ಲಿ.

ಆಮೇಲೆ ವಿಡಿಯೋದಲ್ಲಿ ಕೂಗು ಕೇಳಿಸಿತು. "ಟ್ರೀ... ಟ್ರೀ... ಬಾ ಮಗಾ, ಬಾ."

ನಿಂಗರಾಜ ಮೆಲ್ಲಗೆ ಅಂದ.

"ಲೇ, ಇದು ನಿಮ್ ಮಂಜನ್ ಗಂಟ್ಲು ಕಣ್ಲಾ."

ಯಾರೋ ಕುರಿ ಕಾಯುವವರಿರಬೇಕು ಎಂದು ಹೇಳಲು ತಲೆ ಎತ್ತಿದೆ. ಪೊದೆಯಿಂದ ಒಂದು ಹೆಣ್ಣು ಜಿಂಕೆ ಹೊರಗೆ ಬರುತ್ತಿತ್ತು. ಹಾಡುಹಗಲು, ಇಬ್ಬರು ಗಂಡಸರು ನಿಂತಿದ್ದೇವೆ, ಅದಕ್ಕೆ ಒಂದಿಷ್ಟೂ ಅಂಜಿಕೆಯಿಲ್ಲ. ನೇರ ನನ್ನತ್ತ ಬಂತು. ಕೈಗೆ ಸಿಗುವಷ್ಟು ಹತ್ತಿರ ನಿಂತಿತು. ನನ್ನನ್ನು ನೋಡಲಿಲ್ಲ. ನನ್ನ ಬಲಕ್ಕೆ, ಯಾರೂ ಇಲ್ಲದ ಕಡೆ ಕತ್ತು ಚಾಚಿ ನೆಕ್ಕಿತು. ಅದರ ನಾಲಗೆಯ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಿಂಗರಾಜ ನನ್ನ ಎಡಕ್ಕಿದ್ದ.

ನಾವು ಹೇಗೆ ಇಳಿದೆವೋ ಗೊತ್ತಿಲ್ಲ. ಕ್ಯಾಮೆರಾ ಅಲ್ಲೇ ಉಳಿಯಿತು. ಜಾಲಿ ಮುಳ್ಳು ಹರಿದು ಕಾಲೆಲ್ಲ ರಕ್ತವಾಗಿತ್ತು. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಓಡುವಾಗ ಒಂದು ಸಲವೂ ತಮ್ಮನ ಹೆಸರು ಹಿಡಿದು ಕೂಗಬೇಕು ಅನ್ನಿಸಲಿಲ್ಲ.

ಯಾರಿಗೂ ಹೇಳಬೇಡ ಎಂದಿದ್ದೆ. ನಿಂಗರಾಜನ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ಮಾರನೆಯ ಸಂಜೆ ನಾನು ಸ್ಟುಡಿಯೋದಿಂದ ಬರುವಷ್ಟರಲ್ಲಿ ಅವ್ವ ನಡುಮನೆಯಲ್ಲಿ ಕಾದು ಕುಳಿತಿದ್ದಳು. ನಾನು ಒಳಗೆ ಬಂದು ಬಾಗಿಲಿಗೆ ಚಿಲಕ ಹಾಕಿಕೊಂಡೆ. ಕಳ್ಳತನದಲ್ಲಿ ಎಡೆ ಇಟ್ಟಿದ್ದಕ್ಕೆ ಬೈಗುಳ ಕಾದಿದೆ ಎಂದುಕೊಂಡರೆ, ಅವಳು ಕೇಳಿದ್ದು ಒಂದೇ ಮಾತು.

"ಎಡೆ ತಿಂದಿದ್ನಾ?"

"ಇಲ್ಲವ್ವ. ಕಾಗೆನೂ ಮುಟ್ಟಿಲ್ಲ."

ಅವಳ ಮುಖ ಅರಳಿತು. "ಮತ್ತಿನ್ನೇನ್ಲಾ! ಸತ್ತೋನಾಗಿದ್ರೆ ತಿಂತಿರ್ಲಿಲ್ವಾ? ನನ್ ಮಗ ಬದುಕವ್ನೆ."

ಕಾಗೆ ಮುಟ್ಟದ ಎಡೆಗೆ ನಮ್ಮ ಕಡೆ ಹೇಳುವ ಅರ್ಥವೇ ಬೇರೆ. ಸತ್ತವರಿಗೆ ಏನೋ ಅಸಮಾಧಾನ ಉಳಿದಿದೆ ಎಂದು. ಅದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.

"ಕೂಗು ಕೇಳುಸ್ಲಾ," ಎಂದಳು. ಬೇಡವೆಂದರೂ ಬಿಡಲಿಲ್ಲ. ಫೋನಿನಲ್ಲಿ ಹಾಕಿದೆ. ಮಂಜ ಸಾಕಿದ ಕುರಿಗಳಲ್ಲಿ ಒಂದೇ ಒಂದು ಮುದಿ ಕುರಿ ಉಳಿದಿದೆ, ನಡುಮನೆಯ ಮೂಲೆಯಲ್ಲೇ ಕಟ್ಟುತ್ತೇವೆ. ಎದ್ದು ನಿಲ್ಲಲೂ ಆಗದ ಆ ಕುರಿ ಕೂಗು ಕೇಳಿದ್ದೇ ಎದ್ದು ನಿಂತು ಅರಚಿತು. ಅದು ಫೋನಿನ ಕಡೆ ತಿರುಗಲಿಲ್ಲ. ಹಾಕಿದ್ದ ಬಾಗಿಲಿನ ಕಡೆ ಹಗ್ಗ ಜಗ್ಗಿ ಕತ್ತು ಚಾಚಿತು.

ವಿಡಿಯೋ ಮುಗಿದಿತ್ತು. ಕುರಿ ಗಾಳಿಗೆ ನಾಲಗೆ ಹಾಕುತ್ತಲೇ ಇತ್ತು.

"ಬಾಗ್ಲು ತೆಗೀಲಾ," ಎಂದಳು ಅವ್ವ.

ನಾನು ಏಳಲಿಲ್ಲ. ಅವಳೇ ಗೋಡೆ ಹಿಡಿದುಕೊಂಡು ಹೋಗಿ ಚಿಲಕ ತೆಗೆದಳು. ಹೊರಗೆ ಯಾರೂ ಇರಲಿಲ್ಲ ಎಂದು ಆಮೇಲೆ ಅವಳೇ ಹೇಳಿದಳು, ನಾನು ನೋಡಲಿಲ್ಲ. ಕೂಗಿದವರು ಯಾರು, ಜಿಂಕೆ ನೆಕ್ಕಿದ್ದೇನು, ಇಂದಿಗೂ ನನಗೆ ಗೊತ್ತಿಲ್ಲ. ಅವ್ವ ಈಗ ಸಂಜೆಯಾದರೆ ಬಾಗಿಲಿಗೆ ಚಿಲಕ ಹಾಕುವುದಿಲ್ಲ, ಒಂದು ಮುದ್ದೆ ಹೆಚ್ಚಿಗೆ ಕಟ್ಟಿ ತಟ್ಟೆ ಮುಚ್ಚಿಟ್ಟು ಮಲಗುತ್ತಾಳೆ. ಅವಳಿಗೆ ನಿದ್ದೆ ಬಂದ ಮೇಲೆ ನಾನು ಎದ್ದು ಹೋಗಿ ಚಿಲಕ ಹಾಕಿ ಬರುತ್ತೇನೆ. ಒಡಹುಟ್ಟಿದ ತಮ್ಮನಿಗೇ.