ಅಮ್ಮ ನಕ್ಕಲ್ಲಿ ಹರಿದ ರೀಲು

ಬೆಳಿಗ್ಗೆ ಎಂಟಕ್ಕೆ ಕಡೂರಿನಲ್ಲಿ ತರೀಕೆರೆ ಬಸ್ಸು ಹತ್ತಿದೆ. ಹೆಂಗಸರಿಗೆ ಉಚಿತ, ಟಿಕೆಟ್ಟಿನ ಮೇಲೆ ಸೊನ್ನೆ ರೂಪಾಯಿ. ಕಂಡಕ್ಟರ್ ಆಧಾರ್ ಕಾರ್ಡಿನಲ್ಲಿದ್ದ ನನ್ನ ಗಂಟುಮುಖ ನೋಡಿ ಮರುಮಾತಿಲ್ಲದೆ ಚೀಟಿ ಕೊಟ್ಟ. ನಮ್ಮ ಮನೆಯಲ್ಲಿರುವ ಅಮ್ಮನ ಒಂದೇ ಫೋಟೊದಲ್ಲೂ ಅದೇ ಗಂಟುಮುಖ.

ನನಗೆ ಎರಡು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ನಾಟಕ ಕಂಪನಿಯಲ್ಲಿದ್ದವಳು ಒಂದೇ ಒಂದು ಸಿನಿಮಾದಲ್ಲಿ ಪಾರ್ಟು ಮಾಡಿದ್ದಳು. ಕನ್ನಡದಲ್ಲಿ ಬಣ್ಣದ ಚಿತ್ರ ಇನ್ನೂ ಅಪರೂಪವಾಗಿದ್ದ ಕಾಲ; ಇದು ಬಣ್ಣದ್ದೇ. ರಂಗದ ಮೇಲಿನ ರಾಜ ಮನೆಯಲ್ಲೂ ರಾಜನಾಗಲು ಹೋಗಿ ಪಡಬಾರದ ಪಾಡು ಪಡುವ ಕಥೆಯಂತೆ; ಅಮ್ಮ ಅವನ ಹೆಂಡತಿ. ಆ ಚಿತ್ರದ ಒಂದು ಪ್ರತಿಯೂ ಈಗ ಉಳಿದಿಲ್ಲ. ಅಮ್ಮ ನಕ್ಕರೆ ಹೇಗಿರುತ್ತಿದ್ದಳೆಂದು ಒಮ್ಮೆ ನೋಡಬೇಕೆಂಬ ಆಸೆ ಮಾತ್ರ ಅರವತ್ತಾದರೂ ನನ್ನನ್ನು ಬಿಟ್ಟಿಲ್ಲ.

ಆ ಚಿತ್ರ ಓಡಿದ್ದ ತರೀಕೆರೆಯ ಟಾಕೀಸು ಈಗ ಕಲ್ಯಾಣ ಮಂಟಪ. ಒಳಗೆ ಯಾರದೋ ನಿಶ್ಚಿತಾರ್ಥ. ಕರೆಯದೆ ಹೋದವಳಿಗೂ ಉಪ್ಪಿಟ್ಟು, ಕೇಸರಿಬಾತು ಕೊಟ್ಟರು, ನಾನೂ ಬೇಡವೆನ್ನಲಿಲ್ಲ. ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದ ಹಳೆಯ ಆಪರೇಟರ್ ರುದ್ರಪ್ಪನವರು ಅಜ್ಜಂಪುರದಲ್ಲಿ ಮಗಳ ಮನೆಯಲ್ಲಿದ್ದಾರೆಂದು ಬಡಿಸುತ್ತಿದ್ದವರೇ ತಿಳಿಸಿದರು. ಮತ್ತೊಂದು ಬಸ್ಸು, ಮುಕ್ಕಾಲು ಗಂಟೆ, ಸುಡುವ ಬಿಸಿಲು.

ರುದ್ರಪ್ಪನವರಿಗೆ ಎಂಬತ್ತು ದಾಟಿದೆ. ನಾನು ಯಾರ ಮಗಳೆಂದು ಹೇಳಿದ್ದೇ ತಡ, ಒಳಗೆ ಹೋಗಿ ಬಿಸ್ಕತ್ತಿನ ಡಬ್ಬ ತಂದರು. ರೀಲು ಹರಿದರೆ ಹಾಳಾದಷ್ಟನ್ನು ಕತ್ತರಿಸಿ ಮತ್ತೆ ಅಂಟಿಸುವುದು ಅವರ ಕೆಲಸವಾಗಿತ್ತು. ಕತ್ತರಿಸಿದ ತುಂಡುಗಳನ್ನು ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದರು. ಹುಡುಕಿ ಒಂದನ್ನು ನನ್ನ ಕೈಗಿಟ್ಟರು. ಗೇಣುದ್ದ, ಹತ್ತು ಚಿತ್ರ.

ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದೆ. ಬಣ್ಣಗಳೆಲ್ಲ ಮಾಸಿ ಕೆಂಪೊಂದೇ ಉಳಿದಿತ್ತು. ಆ ಕೆಂಪಿನೊಳಗೆ ಅಮ್ಮ ತಲೆ ಹಿಂದಕ್ಕೆ ವಾಲಿಸಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

“ಸೀರೆ ಗಿಣಿಹಸಿರು ಕಣವ್ವಾ,” ಎಂದರು ರುದ್ರಪ್ಪನವರು. “ನಿಮ್ಮವ್ವ ಹಿಂಗೆ ನಕ್ಕಿದ್ದೇ ತಡ, ಜನ ಒನ್ಸ್ ಮೋರ್ ಅಂತ ಕೂಗೋರು. ರೀಲು ಹಿಂದಕ್ಕೆ ಸುತ್ತಿ ಸುತ್ತಿ ತೋರಿಸ್ತಿದ್ದೆ. ಅದ್ಕೇ ಅಲ್ಲೇ ಹರ್ದೋಯ್ತು.”

ತುಂಡನ್ನು ಅವರಿಗೆ ಮರಳಿಸಿದೆ. ಅವರು ಅದನ್ನು ಲಕೋಟೆಗೆ ಹಾಕಿ ನನಗೇ ಕೊಟ್ಟರು.

ಸಂಜೆಯ ಕಡೂರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ತುಂಡನ್ನು ಹೊರತೆಗೆದೆ. ಪರದೆಯ ಮೇಲಾದರೆ ಅರ್ಧ ಸೆಕೆಂಡೂ ಇರದ ನಗು. ಬೀರೂರು ಬಂದರೂ ನೋಡುತ್ತಲೇ ಇದ್ದೆ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಅದೇನೆಂದು ಕೇಳಿದಳು. ನಮ್ಮಮ್ಮ ಎಂದೆ. ಅವಳು ಈಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ನೋಡುತ್ತ ನೋಡುತ್ತ ಅವಳ ಮುಖವೂ ಅರಳಿತು. ನಾನು ವಾಪಸು ತೆಗೆದುಕೊಂಡು ಲಕೋಟೆಗೆ ಸೇರಿಸುತ್ತಿದ್ದಂತೆ ಮತ್ತೆ ಕೈ ಚಾಚಿದಳು.

“ಇನ್ನೊಂದ್ಸಲ ತೋರಿಸ್ರೀ,” ಎಂದಳು.