ಪರೀಕ್ಷೆ ಸೂಜಿಯಕ್ಕನದು, ಬಾಯಿ ಡಾಕ್ಟರದು

ಸೂಜಿಯಕ್ಕನಿಗೆ ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯಲ್ಲಿ ಗೊತ್ತಿದ್ದದ್ದು ಸಂಬಳದ ಗುಮಾಸ್ತನೊಬ್ಬನಿಗೇ. ಉಳಿದವರಿಗೆಲ್ಲ ಅವಳು ಸೂಜಿಯಕ್ಕ. ಓದಿದ್ದು ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸು, ಅಂದರೆ ಡಾಕ್ಟರ ಬಲಗೈ ಆಗುವ ವಿದ್ಯೆ. ರೋಗಿಯನ್ನು ಪರೀಕ್ಷಿಸುವುದು, ಗಾಯ ತೊಳೆಯುವುದು, ಹೊಲಿಗೆ ಹಾಕುವುದು ಎಲ್ಲವೂ ಬರುತ್ತಿತ್ತು. ಆದರೆ ಬಲಗೈ ಇದ್ದಮೇಲೆ ಅದರ ಪಕ್ಕದಲ್ಲೊಂದು ಬಾಯಿ ಇರಬೇಕಲ್ಲ? ಅದು ದೊಡ್ಡ ಡಾಕ್ಟರದು.

ದೊಡ್ಡ ಡಾಕ್ಟರು ಬಂಗಾರದಂಥ ಮನುಷ್ಯ, ನಾಲಿಗೆಯೊಂದನ್ನು ಬಿಟ್ಟು. ಅವಳು ಸೂಜಿ ಕೈಗೆತ್ತಿಕೊಂಡರೆ ಸಾಕು, ಶುರು. “ಸೂಜಿ ಹಿಡಿದಿದ್ದೀಯೋ, ಸೌಟು ಹಿಡಿದಿದ್ದೀಯೋ? ಹೀಗೆ ಎಳೆದ್ರೆ ಚರ್ಮ ಉಳಿಯುತ್ತಾ? ಗಂಟು ಹಾಕಮ್ಮ, ಜಡೆ ಹೆಣೀಬೇಡ!” ಮದುವೆಗೆ ಮುಂಚೆಯೇ ಈ ಡಾಕ್ಟರ ಕೈಕೆಳಗೆ ಬಂದವಳು ಅವಳು, ಈಗ ಮಗಳು ಕಾಲೇಜು ಮೆಟ್ಟಿಲು ಹತ್ತಿದ್ದಾಳೆ. ಇಷ್ಟು ವರ್ಷದಲ್ಲಿ ಆ ಬಾಯಿಂದ ಅಪ್ಪಿತಪ್ಪಿಯೂ ಒಂದು ‘ಭೇಷ್’ ಬಿದ್ದಿರಲಿಲ್ಲ.

ಆ ವರ್ಷ ಹೊಸ ನಿಯಮ ಬಂತು. ಪರೀಕ್ಷೆ ಕಟ್ಟಿ ಮೇಲಿನ ದರ್ಜೆಯ ಸರ್ಟಿಫಿಕೇಟು ಪಡೆದವರಿಗೆ ಕೆಳಮಹಡಿಯ ಗಾಯದ ಕೋಣೆಯ ಪೂರ್ತಿ ಜವಾಬ್ದಾರಿ, ಬಾಗಿಲ ಮೇಲೆ ಸ್ವಂತ ಹೆಸರಿನ ಹಲಗೆ. ಸೂಜಿಯಕ್ಕನಿಗೆ ಅದು ಬೇಕೇ ಬೇಕಾಗಿತ್ತು. ಬರೆಯುವ ಪರೀಕ್ಷೆಯನ್ನು ನೀರು ಕುಡಿದಷ್ಟು ಸುಲಭವಾಗಿ ಮುಗಿಸಿದಳು. ಉಳಿದದ್ದು ಕೈಕೆಲಸದ್ದು. ಹೊರಗಿನಿಂದ ಬರುವ ಪರೀಕ್ಷಕಿಯ ಮುಂದೆ ನಿಜವಾದ ಗಾಯಕ್ಕೆ ಹೊಲಿಗೆ ಹಾಕಬೇಕು. ರೋಗಿಯ ಕ್ಷೇಮಕ್ಕಾಗಿ ಹಿರಿಯ ಡಾಕ್ಟರು ಪಕ್ಕದಲ್ಲಿರಲೇಬೇಕು; ಆದರೆ ಅಪಾಯವೇನೂ ಇಲ್ಲದೆ ಅವರು ತುಟಿ ಬಿಚ್ಚಿದರೆ ಇವಳು ನಪಾಸು.

“ಹಾಗಾದ್ರೆ ಮುಗೀತು ಬಿಡು,” ಎಂದ ವಾಚು ರಿಪೇರಿ ಮಾಡುವ ಗಂಡ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ. “ಮುಂದಿನ ವರ್ಷ ಕಟ್ಟು.”

“ಮುಂದಿನ ವರ್ಷದ ಹೊತ್ತಿಗೆ ಆ ಕೋಣೆ ಬೇರೆಯವರ ಪಾಲಾಗಿರುತ್ತೆ ರೀ!”

ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. “ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಿಮ್ಮ ಡಾಕ್ಟ್ರಿಗೆ ಮಾತೂ ಬೇಕು, ಜಗಳಾನೂ ಬೇಕು. ಬಾಯಿಗೆ ಏನಾದ್ರೂ ತುರುಕಿ ನಿಲ್ಲಿಸೇ. ನಿಮ್ಮ ಮಾವನ್ನ ನಾನು ಸಂಭಾಳಿಸಿದ್ದು ಹಾಗೇನೇ.”

ಮರುದಿನದಿಂದಲೇ ತಾಲೀಮು. ಸ್ಪಂಜಿನ ಮೇಲೆ ಅವಳ ಹೊಲಿಗೆ, ಡಾಕ್ಟರ ಬಾಯಲ್ಲಿ ಪೆಪ್ಪರಮಿಂಟು. ಮೊದಲ ಹೊಲಿಗೆಗೇ ಅದನ್ನು ಕಟಕಟ ಜಗಿದು, “ಅಯ್ಯೋ, ಅಲ್ಲಲ್ಲ!” ಎಂದರು.

“ನಪಾಸಾದೆ ಸಾರ್.”

“ಇದು ಮಾತಲ್ಲಮ್ಮ, ಉದ್ಗಾರ,” ಎಂದು ವಾದಕ್ಕೆ ನಿಂತರು. ವಾದ ಮಾಡಿದ್ದಕ್ಕೂ ಅವಳು ನಪಾಸು.

ಪರೀಕ್ಷೆಯ ದಿನ ಸಿಕ್ಕ ರೋಗಿ ಒಬ್ಬ ಬಡಗಿ. ಉಳಿ ಜಾರಿ ಮುಂಗೈ ಸೀಳಿಕೊಂಡಿದ್ದ. ಒಪ್ಪಿಗೆ ಕೇಳಿದಾಗ, “ನೋವಾಗದಿದ್ರೆ ಯಾರು ಬೇಕಾದ್ರೂ ಪಾಸಾಗ್ಲಿ,” ಎಂದ. ಡಾಕ್ಟರು ಮುಖಕ್ಕೆ ಮಾಸ್ಕು ಕಟ್ಟಿ, ಕೈ ಹಿಂದೆ ಕಟ್ಟಿ, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನಂತೆ ಗೋಡೆ ಪಕ್ಕ ನಿಂತರು. ಪರೀಕ್ಷಕಿ ಪೆನ್ನು ತೆರೆದರು.

ಸೂಜಿಯಕ್ಕ ಗಾಯ ತೊಳೆದಳು. ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿದಳು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಳು. ಸೂಜಿ ಎತ್ತಿಕೊಂಡಳು. ಅಲ್ಲಿಗೆ ನಿಂತಳು.

ಎಂದಿನ ಬೈಗುಳ ಬರಲಿಲ್ಲ. ಅದು ಬರದೆ ಕೈ ಮುಂದಕ್ಕೆ ಹೋಗಲಿಲ್ಲ. ಇಷ್ಟು ವರ್ಷ ಹಲ್ಲು ಕಚ್ಚಿ ಸಹಿಸಿಕೊಂಡ ಆ ಮಾತಿನ ತಾಳಕ್ಕೇ ತನ್ನ ಕೈ ಆಡುತ್ತಿತ್ತೆಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

“ಸಾರ್...” ಎಂದುಬಿಟ್ಟಳು.

ಪರೀಕ್ಷಕಿ ತಲೆಯೆತ್ತಿದರು. ಡಾಕ್ಟರ ಮಾಸ್ಕು ಒಮ್ಮೆ ಉಬ್ಬಿತು, ಇಳಿಯಿತು. ಅವರು ನಿಧಾನವಾಗಿ ಗೋಡೆಗೆ ಮುಖ ತಿರುಗಿಸಿದರು. ಬೆನ್ನ ಹಿಂದೆ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು.

ಸೂಜಿಯಕ್ಕ ಸೂಜಿಯನ್ನು ಗಾಯದ ಹತ್ತಿರ ತಂದಳು. ಆಮೇಲೆ ತಾನೇ ಶುರುಮಾಡಿದಳು. “ಏನು ನೋಡ್ತಾ ನಿಂತಿದ್ದೀಯ? ಗಾಯ ತಾನೇ ಹೊಲ್ಕೊಳ್ಳುತ್ತಾ? ಮಧ್ಯದಿಂದ ಹಿಡಿ!”

“ನನಗಾ ಅಮ್ಮ?” ಎಂದ ಬಡಗಿ, ಗಾಬರಿಯಾಗಿ.

“ಇಲ್ಲಪ್ಪ, ನನಗೇ. ನೀನು ಅಲ್ಲಾಡಬೇಡ. ಹೂಂ, ಎಳೀಬೇಡ, ಕೂರಿಸು. ಇದೇನು ಗಂಟೋ, ಗೋಣಿಚೀಲದ ಬಾಯೋ? ಮುಂದಕ್ಕೆ ನಡಿ, ಕತ್ತೆ!”

ಬಡಗಿಗೆ ಗಾಬರಿ ಮರೆತು ನಗು ಬಂತು. ಪರೀಕ್ಷಕಿ ನಿಯಮದ ಪುಸ್ತಕ ತಿರುವಿದರು. ಅಭ್ಯರ್ಥಿ ತನ್ನನ್ನು ತಾನೇ ಬೈದುಕೊಳ್ಳಬಾರದೆಂದು ಎಲ್ಲೂ ಬರೆದಿರಲಿಲ್ಲ. ಗೋಡೆ ನೋಡುತ್ತಿದ್ದ ಡಾಕ್ಟರ ಭುಜ ಮಾತ್ರ ಕುಲುಕುತ್ತಿತ್ತು. ನಗುವೋ ಅಳುವೋ ಹಿಂದಿನಿಂದ ತಿಳಿಯುವಂತಿರಲಿಲ್ಲ.

ಸೂಜಿಯಕ್ಕ ಕೊನೆಯ ದಾರ ಕತ್ತರಿಸಿದಳು. ಪಟ್ಟಿ ಕಟ್ಟುವ ಮೊದಲು ಪರೀಕ್ಷಕಿ ಹೇಳಿದರು: “ಪಾಸು. ಡಾಕ್ಟ್ರೇ, ಈಗ ನೀವು ಮಾತಾಡಬಹುದು. ಏನಾದ್ರೂ ಕೊರತೆ ಕಂಡಿತಾ?”

ಡಾಕ್ಟರು ಮಾಸ್ಕು ಇಳಿಸಿ ಹತ್ತಿರ ಬಂದರು. ಬಡಗಿಯ ಕೈಯನ್ನು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಇಲ್ಲ,” ಎಂದರು.

“ಅಷ್ಟೇನಾ ಸಾರ್?” ಎಂದಳು ಸೂಜಿಯಕ್ಕ. “ಏನಾದ್ರೂ ಬೈರಿ.”

“ಬೈಯೋಕೆ ನೀನು ಏನೂ ಉಳಿಸಿಲ್ವಲ್ಲಮ್ಮ,” ಎಂದ ಡಾಕ್ಟರು ಆ ಕೈ ಬಿಟ್ಟು ಹೊರಗೆ ನಡೆದುಬಿಟ್ಟರು.

ಸೂಜಿಯಕ್ಕ ಗ್ಲೋವ್ಸನ್ನೂ ಬಿಚ್ಚದೆ ಗೊಳೋ ಎಂದು ಅತ್ತಳು. ಬಡಗಿ ಹೌಹಾರಿ ತನ್ನ ಕೈ ನೋಡಿಕೊಂಡ.

“ಯಾಕಮ್ಮ, ಹೊಲಿಗೆ ಕೆಟ್ಟೋಯ್ತಾ?”

“ಇಲ್ಲಪ್ಪ,” ಎಂದಳು ಮೂಗೆಳೆಯುತ್ತಾ, “ಚೆನ್ನಾಗಿ ಬಂದಿದೆ.”