ಶುಕ್ರವಾರದ ಸೇವೆ ಮತ್ತು ಅಮರಯ್ಯ ಮಾಸ್ತರರು

ಅಮರಯ್ಯ ಮಾಸ್ತರರು ಕುರ್ಚಿಯಲ್ಲಿ ಕೂತರೆ ನಿದ್ದೆ ಹೋಗುತ್ತಿದ್ದರು. ಹಾಗಾಗಿ ಭೂಗೋಳದ ಪಾಠವನ್ನೆಲ್ಲ ನಿಂತೇ ಹೇಳುತ್ತಿದ್ದರು. ಬೆಳಕು ಹರಿಯುವಾಗಲೇ ಕೋಟೆಯ ಕೆಳಗಿನ ಕೂಲಿಕಾರರ ಕೇರಿಗೆ ಹೋಗಿ, ಮಕ್ಕಳಿಗೆ ಅಕ್ಷರ ತಿದ್ದಿಸಿ, ಅಲ್ಲಿಂದ ನೇರ ಶಾಲೆಗೆ ಬರುವ ಮನುಷ್ಯ. ಕೋಟಿನ ಗುಂಡಿಗಳು ಎಂದೂ ಸರಿಯಾದ ಕಾಜಕ್ಕೆ ಬಿದ್ದದ್ದಿಲ್ಲ. ರಾಯಚೂರಿನ ಆ ಹೈಸ್ಕೂಲಿನಲ್ಲಿ ನಾನು ಲೆಕ್ಕ ಕಲಿಸುತ್ತಿದ್ದೆ. ನಿಜಾಮರ ಕಾಲ, ಶುಕ್ರವಾರ ರಜೆ.

ಒಂದು ವರ್ಷ ಕೇರಿಗೆ ಕಾಲರಾ ಬಂತು. ಅಲ್ಲಿಯವರು ಊರಿನ ಬಾವಿ ಮುಟ್ಟುವಂತಿರಲಿಲ್ಲ, ಹಳ್ಳದ ಗುಂಡಿಯ ನೀರೇ ಗತಿ. ಅಮರಯ್ಯ ಹೆಡ್‌ಮಾಸ್ತರರನ್ನು ಕಾಡಿ ಹುಕುಂ ಹೊರಡಿಸಿದರು: ದೊಡ್ಡ ತರಗತಿಯ ಹುಡುಗರೆಲ್ಲ ಶುಕ್ರವಾರ ಶಾಲೆಯ ಬಾವಿಯಿಂದ ಕೇರಿಗೆ ನೀರು ಹೊರಬೇಕು, ಹೊರದವರಿಗೆ ಪರೀಕ್ಷೆ ಇಲ್ಲ.

"ಜುಲುಮಿ ಮಾಡಿ ಮಾಡ್ಸಿದ್ರ ಅದು ಸೇವಾ ಆಗ್ತದೇನ್ರಿ?" ಎಂದು ನಾನು ಕೇಳಿದೆ.

"ನೀ ಹುಡುಗರ ಖುಷಿ ಕೇಳಿ ಲೆಕ್ಕಾ ಕಲಸ್ತೀಯೇನಪಾ?" ಎಂದರು.

ಅಕ್ಕಿ ಗಿರಣಿಯ ಸಾಹುಕಾರರು ಮಗನ ಬದಲು ಆಳನ್ನು ಕಳಿಸಿದರು. "ಪರೀಕ್ಷಾಕ್ಕೂ ನೀನೇ ಕೂಡಾಂವೇನು?" ಎಂದು ಅಮರಯ್ಯ ಅವನನ್ನು ನಗುತ್ತಲೇ ತಿರುಗಿ ಕಳಿಸಿದರು. ಮಗ ಬಂದ. ಉಳಿದವರಂತೆ ಅವನೂ ಕೊಡವನ್ನು ಕೇರಿಯ ಬಾಯಲ್ಲೇ ಇಟ್ಟು, ಮುಖ ತಿರುಗಿಸಿ ಓಡಿದ.

ಆ ಬೇನೆಯಲ್ಲಿ ಮಗಳನ್ನು ಕಳೆದುಕೊಂಡಿದ್ದ ಕೇರಿಯ ಹನುಮವ್ವ ಅದನ್ನು ನೋಡುತ್ತಾ ನಿಂತಿದ್ದವಳು ಅಮರಯ್ಯನವರ ಕಡೆ ತಿರುಗಿದಳು.

"ಯಪ್ಪಾ, ಈ ಹುಡುಗರನ ಯಾಕ ಗೋಳಾಡಸ್ತೀರಿ? ನಮಗೂ ಕೈ ಅದಾವ. ಆ ಬಾವಿಗೆ ನಮ್ಮನ್ನ ಬಿಡ್ರಿ, ನಾವ ಸೇದ್ಕೋತೀವಿ."

ಮರುದಿನ ಶಾಲೆ ತುಂಬಿರುವಾಗಲೇ ಅಮರಯ್ಯ ಹನುಮವ್ವನನ್ನು ಕರೆತಂದು, ಬಾವಿಯ ಹಗ್ಗವನ್ನು ಅವಳ ಕೈಗೆ ಕೊಟ್ಟರು. ಅವಳು ಸೇದಿದಳು. ಗಿರಣಿಯ ಸಾಹುಕಾರರ ಜೊತೆ ಊರ ಹಿರಿಯರು ಬಂದು ಕೂಗಾಡಿದರು. ವಾರ ಕಳೆಯುವುದರೊಳಗೆ ಶುಕ್ರವಾರದ ಹುಕುಂ ರದ್ದಾಯಿತು, ಅಮರಯ್ಯನವರಿಗೆ ದೇವದುರ್ಗಕ್ಕೆ ವರ್ಗವಾಯಿತು. ಅಲ್ಲಿಂದ ಮಾನ್ವಿಗೆ. ಅಲ್ಲೇ ಹಾಸಿಗೆ ಹಿಡಿದರು.

ನಾನು ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ಕೋಟು ಗೂಟದಲ್ಲಿತ್ತು, ಹಾಕಿಕೊಂಡು ಹೋಗುವ ಶಾಲೆ ಇರಲಿಲ್ಲ.

"ಹುಡುಗರಿಗೆ ಕಡ್ಡಾಯ ಮಾಡಿದ್ದು ಸರಿ ಇತ್ತೇನ್ರಿ?" ಎಂದೆ.

"ಗೊತ್ತಿಲ್ಲಪಾ. ಹುಡುಗರು ನೀರು ಹೊರದಿದ್ರ ಹನುಮವ್ವ ಬಾಯಿ ತೆರೀತಿರಲಿಲ್ಲ. ಆದ್ರ ಆಕಿನ್ನ ಮೊದಲ ಕೇಳಬೇಕಿತ್ತು ನಾ. ಸಾಕಾಗೇದ ಈಗ." ನನ್ನ ಕಡೆ ತಿರುಗಿ, "ಬಾವಿಗೆ ಬರ್ತಾರೇನು ಕೇರಿಯವರು?" ಎಂದರು.

"ಬರ್ತಾರ್ರಿ. ಹೆಡ್‌ಮಾಸ್ತರ್ರು ಕಂಡೂ ಕಾಣದಂಗ ಇರ್ತಾರ."

"ಹಗ್ಗ ಗಟ್ಟಿ ಅದ ಏನು?"

ಸವೆದಿದೆ, ಹೊಸದು ಹಾಕಿಸುತ್ತೇನೆ ಎಂದೆ. ತಲೆಯಾಡಿಸಿದರು.

ಊರಿಗೆ ಮರಳಿ ಹೊಸ ಹಗ್ಗ ಹಾಕಿಸಿದೆ. ಆ ಸುದ್ದಿ ಹೇಳಲು ಮಾನ್ವಿಗೆ ಹೋದಾಗ ಅಮರಯ್ಯ ಆಗಲೇ ತೀರಿಕೊಂಡಿದ್ದರು, ಆ ಮನೆಯಲ್ಲಿ ಬೇರೆ ಯಾರೋ ಬಿಡಾರ ಮಾಡಿದ್ದರು.